ತೂಕ ಇಳಿಸುವ ಬೈಪಾಸ್ ಆಗಿ 4 ವರ್ಷ: ಮಾತ್ರೆ ಒಂದು ದಿನವೂ ತಪ್ಪಿಲ್ಲ, ಆದರೂ ರಕ್ತ, ಬಿ12, ವಿಟಮಿನ್ ಡಿ ಎಲ್ಲ ಕೆಳಗೆ. ಎಲ್ಲಿ ಎಡವುತ್ತಿದ್ದೇವೆ?

ಹೇಮಾವತಿ_ದಂಡೆ

ಅಕ್ಕನಿಗೆ 39 ವರ್ಷ. ತೂಕ ಇಳಿಸುವ ಆಪರೇಷನ್ ಆಗಿ 4 ವರ್ಷವಾಯ್ತು. ಸ್ಲೀವ್ (ಹೊಟ್ಟೆಯ ಒಂದು ಭಾಗ ಕತ್ತರಿಸಿ ತೆಗೆಯುವುದು) ಅಲ್ಲ, ರೂ-ಆನ್-ವೈ ಬೈಪಾಸ್ (ಹೊಟ್ಟೆಯ ಮೇಲ್ಭಾಗವನ್ನು ಪುಟ್ಟ ಚೀಲ ಮಾಡಿ ಕರುಳಿಗೆ ನೇರ ಜೋಡಿಸುವುದು). 112 ಕೆ.ಜಿ. ಇದ್ದವರು ಈಗ 68. ತೂಕದ ವಿಷಯದಲ್ಲಿ ಏನೂ ದೂರಿಲ್ಲ.

ಹೋದ ವಾರದ ರಿಪೋರ್ಟ್ ಹೀಗಿದೆ: ಹಿಮೋಗ್ಲೋಬಿನ್ 8.9, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) 6, ಬಿ12 164, ವಿಟಮಿನ್ ಡಿ 13, ಪಿಟಿಎಚ್ ಅಂದರೆ ಕ್ಯಾಲ್ಸಿಯಂ ನಿಯಂತ್ರಿಸುವ ಹಾರ್ಮೋನ್ 112 (ಲ್ಯಾಬ್‌ನವರ ಮೇಲ್ಮಿತಿ 65), ಕ್ಯಾಲ್ಸಿಯಂ 8.7, ಆಲ್ಬುಮಿನ್ (ರಕ್ತದಲ್ಲಿನ ಪ್ರೋಟೀನ್) 3.4.

ಈಗ ನಡೆಯುತ್ತಿರುವ ಮಾತ್ರೆ: ಬೆಳಿಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ, ಹಿಂದೆಯೇ ಕಾಫಿ. 8ಕ್ಕೆ ತಿಂಡಿ ಆದ ಮೇಲೆ ಕ್ಯಾಲ್ಸಿಯಂ ಕಾರ್ಬೋನೇಟ್ 500, ಐರನ್, ಮಲ್ಟಿವಿಟಮಿನ್ ಮೂರೂ ಒಟ್ಟಿಗೆ, ಮರೆಯಬಾರದು ಅಂತ. ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ 40 ಎರಡು ವರ್ಷದಿಂದ ದಿನಾ ಇದೆ.

ತೊಂದರೆ ಎರಡು. ಮಧ್ಯಾಹ್ನ ಊಟವಾಗಿ ಒಂದೂವರೆ, ಎರಡು ಗಂಟೆಗೆ ಬೆವರು, ಕೈ ನಡುಕ, ಕಣ್ಣಿಗೆ ಕತ್ತಲೆ. ಮನೆ ಮೀಟರ್‌ನಲ್ಲಿ ಎರಡು ಸಲ ನೋಡಿದಾಗ ಶುಗರ್ 51, 48. ಇನ್ನೊಂದು, ಎರಡೂ ಕಾಲಿನ ಬೆರಳು ಜುಮ್ಮೆನ್ನುತ್ತೆ.

ಕೇಳಬೇಕಾದ್ದು ಇಷ್ಟು: ಮಾತ್ರೆ ಯಾಕೆ ಹತ್ತುತ್ತಿಲ್ಲ? ಊಟದ ನಂತರ ಶುಗರ್ ಬೀಳುವುದಕ್ಕೆ ಏನು ಮಾಡಬೇಕು? ಇನ್ಯಾವ ಟೆಸ್ಟ್ ಬೇಕು?

ಔಷಧಿ_ಲೆಕ್ಕ

ಮಾತ್ರೆ ಒಳಗೆ ಹೋಗುತ್ತಿದೆ, ರಕ್ತಕ್ಕೆ ಹೋಗುತ್ತಿಲ್ಲ. ಬೈಪಾಸ್‌ನಲ್ಲಿ ಊಟ ಸುಮಾರು 30 ಎಂ.ಎಲ್. ಹಿಡಿಯುವ ಪುಟ್ಟ ಪೌಚ್‌ನಿಂದ ನೇರ ಸಣ್ಣ ಕರುಳಿನ ಮಧ್ಯಕ್ಕೆ ಇಳಿಯುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಹೆಚ್ಚಾಗಿ ಹೀರಿಕೊಳ್ಳುವುದು ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುಯೊಡಿನಂನಲ್ಲಿ, ಆಹಾರ ಈಗ ಆ ದಾರಿ ಹಿಡಿಯುವುದೇ ಇಲ್ಲ. ಮಿಕ್ಕಿದ ಅಲ್ಪ ಅವಕಾಶವನ್ನೂ ನಿಮ್ಮ ವೇಳಾಪಟ್ಟಿ ಕೆಡಿಸುತ್ತಿದೆ.

ಮೊದಲನೆಯದು ಕ್ಯಾಲ್ಸಿಯಂನ ಜಾತಿ. ಕಾರ್ಬೋನೇಟ್ ಕರಗುವುದಕ್ಕೆ ಆಸಿಡ್ ಬೇಕು. ಪೌಚ್‌ನಲ್ಲಿ ಆಸಿಡ್ ಮೊದಲೇ ಕಡಿಮೆ, ಮೇಲೆ ಪ್ಯಾಂಟೊಪ್ರಜೋಲ್. ಸಿಟ್ರೇಟ್‌ಗೆ ಆಸಿಡ್ ಬೇಡ. ಬೈಪಾಸ್ ಆದವರಿಗೆ ದಿನಕ್ಕೆ 1200ರಿಂದ 1500 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು, ಒಂದು ಸಲಕ್ಕೆ 500-600ಕ್ಕಿಂತ ಹೆಚ್ಚು ಕೊಟ್ಟರೆ ವ್ಯರ್ಥ. ಅಂಗಡಿಯಲ್ಲಿ ಎಲ್ಲರೂ ಮೋಸ ಹೋಗುವುದು ಲೇಬಲ್‌ನಲ್ಲಿ. ‘ಕ್ಯಾಲ್ಸಿಯಂ ಸಿಟ್ರೇಟ್ 1000 ಮಿ.ಗ್ರಾಂ.’ ಅಂತಿದ್ದರೆ ಅದು ಸಿಟ್ರೇಟ್ ಸೇರಿದ ಇಡೀ ಸಂಯುಕ್ತದ ತೂಕ. ಅದರೊಳಗಿನ ಕ್ಯಾಲ್ಸಿಯಂ 210ರಿಂದ 240 ಮಾತ್ರ. ಅಂದರೆ ಒಂದು ಹೊತ್ತಿಗೆ ಎರಡು ಮಾತ್ರೆ, ದಿನಕ್ಕೆ ಮೂರು ಹೊತ್ತು. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ‘ಎಲಿಮೆಂಟಲ್’ ಅಂತ ಇರುವ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯದು ಹೊತ್ತು. ಕ್ಯಾಲ್ಸಿಯಂ ಕಬ್ಬಿಣವನ್ನು ತಡೆಯುತ್ತದೆ, ಎರಡೂ ಸೇರಿ ಥೈರಾಯ್ಡ್ ಮಾತ್ರೆಯನ್ನು ತಡೆಯುತ್ತವೆ, ಕಾಫಿ-ಟೀ ಕಬ್ಬಿಣವನ್ನೂ ಥೈರಾಯ್ಡ್ ಮಾತ್ರೆಯನ್ನೂ ಕೆಡಿಸುತ್ತವೆ. ಹೀಗೆ ಹಂಚಿಕೊಳ್ಳಿ:

ಬೆಳಿಗ್ಗೆ 6 – ಥೈರಾಯ್ಡ್ ಮಾತ್ರೆ, ಬರೀ ನೀರಲ್ಲಿ. ಕಾಫಿ 7ರ ಮೇಲೆ.
10:30 – ಐರನ್, ಮಲ್ಟಿವಿಟಮಿನ್. ನಿಂಬೆಹಣ್ಣಿನ ನೀರು ಸಕ್ಕರೆ ಇಲ್ಲದೆ. ಆಮೇಲೆ ಎರಡು ಗಂಟೆ ಕಾಫಿ, ಟೀ, ಹಾಲು, ಮಜ್ಜಿಗೆ ಯಾವುದೂ ಬೇಡ.
ಮಧ್ಯಾಹ್ನ 1, ಸಂಜೆ 5, ರಾತ್ರಿ 9 – ಕ್ಯಾಲ್ಸಿಯಂ ಸಿಟ್ರೇಟ್, ಏನಾದರೂ ತಿನ್ನುವಾಗಲೇ.

ಹೊತ್ತು ಸರಿಮಾಡಿದರೂ ಫೆರಿಟಿನ್ 6 ಬಾಯಿ ಮೂಲಕ ಏರುವ ಭರವಸೆ ನನಗಿಲ್ಲ. ಹಿಮೋಗ್ಲೋಬಿನ್ 8.9 ಇರುವಾಗ ರಕ್ತನಾಳದ ಮೂಲಕವೇ ಐರನ್ ಕೇಳಿ. ಲೆಕ್ಕ ಸುಲಭ: ತೂಕ × (15 − ಈಗಿನ ಹಿಮೋಗ್ಲೋಬಿನ್) × 2.4 + 500. ನಿಮ್ಮ ಅಕ್ಕನವರಿಗೆ 68 × 6.1 × 2.4 + 500, ಸುಮಾರು 1500 ಮಿ.ಗ್ರಾಂ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಬಗೆಯ ಐರನ್ ಆದರೆ ಒಂದು ಸಲಕ್ಕೆ 1000 ಮೀರುವಂತಿಲ್ಲ. ಹಾಗಾಗಿ ಮೊದಲು 1000, ವಾರ ಬಿಟ್ಟು 500. ಡ್ರಿಪ್ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳಬೇಕು. ಸೂಜಿಯ ಜಾಗ ಉರಿದರೆ, ಊದಿದರೆ ಆ ಕ್ಷಣವೇ ಸಿಸ್ಟರ್‌ಗೆ ಹೇಳಿ, ಹೊರಗೆ ಸೋರಿದ ಐರನ್ ಚರ್ಮದ ಮೇಲೆ ಕಂದು ಕಲೆಯಾಗಿ ಉಳಿದುಬಿಡುತ್ತದೆ.

ಇಲ್ಲೊಂದು ಎಚ್ಚರ. ಈ ಐರನ್ ಕೆಲವರಲ್ಲಿ ರಕ್ತದ ಫಾಸ್ಫೇಟ್ ಇಳಿಸುತ್ತದೆ. ವಿಟಮಿನ್ ಡಿ 13, ಪಿಟಿಎಚ್ 112 ಇರುವವರಲ್ಲಿ ಆ ಅಪಾಯ ಜಾಸ್ತಿ. ಮೊದಲು ಒಂದು ಫಾಸ್ಫೇಟ್ ಟೆಸ್ಟ್, ಎರಡು ವಾರಕ್ಕೆ ಇನ್ನೊಂದು. ರಕ್ತ ಏರುತ್ತಿದ್ದರೂ ಮೈಕೈ ಸೋತು ಮೂಳೆ ನೋಯುತ್ತಿದ್ದರೆ ಇದನ್ನೇ ಅನುಮಾನಿಸಬೇಕು. ಬೇರೆ ಬಗೆಯ ಐರನ್ ಸಿಗುತ್ತದೆಯೇ ಎಂದೂ ವೈದ್ಯರನ್ನು ಕೇಳಿ.

ಬಿ12 ತಡಮಾಡಬೇಡಿ. ಹೊಟ್ಟೆಯ ದೊಡ್ಡ ಭಾಗವನ್ನು ಬೇರ್ಪಡಿಸಿರುವುದರಿಂದ ಅಲ್ಲಿ ಹುಟ್ಟುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಊಟದ ಜೊತೆ ಸರಿಯಾಗಿ ಸೇರುವುದಿಲ್ಲ. ಅದಿಲ್ಲದೆ ಮಾತ್ರೆಯ ಬಿ12ನಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಒಳಸೇರುತ್ತದೆ. ಬೆರಳು ಜುಮ್ಮೆನ್ನುತ್ತಿರುವಾಗ ಇಂಜೆಕ್ಷನ್ನೇ ಬೇಕು: 1000 ಮೈಕ್ರೋಗ್ರಾಂ, ಮೊದಮೊದಲು ಒತ್ತೊತ್ತಾಗಿ, ಆಮೇಲೆ ತಿಂಗಳಿಗೊಂದು, ಜೀವಮಾನ ಪೂರ್ತಿ. ಹಲವು ಐರನ್ ಮಾತ್ರೆಗಳಲ್ಲಿ ಫೋಲಿಕ್ ಆಸಿಡ್ ಸೇರಿರುತ್ತದೆ. ಅದೊಂದನ್ನೇ ಕೊಟ್ಟರೆ ರಕ್ತಹೀನತೆ ಸುಧಾರಿಸಿದಂತೆ ಕಾಣುತ್ತದೆ, ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಜೊತೆಗೆ ತಾಮ್ರದ ಟೆಸ್ಟ್ ಮಾಡಿಸಿ. ಅದರ ಕೊರತೆಯೂ ಹೀಗೇ ಕಾಲಿನಿಂದ ಶುರುವಾಗುತ್ತದೆ. ಕೂದಲು ಉದುರುತ್ತದೆಂದು ಜಿಂಕ್ ಮಾತ್ರೆ ನುಂಗುತ್ತಿದ್ದರೆ ತಾಮ್ರ ಇನ್ನೂ ಕುಸಿಯುತ್ತದೆ. 8ರಿಂದ 15 ಮಿ.ಗ್ರಾಂ. ಜಿಂಕ್‌ಗೆ 1 ಮಿ.ಗ್ರಾಂ. ತಾಮ್ರ ಜೊತೆಗಿರಬೇಕು.

ಕ್ಯಾಲ್ಸಿಯಂ 8.7 ನಾರ್ಮಲ್ ಅಂತ ನೆಮ್ಮದಿ ಬೇಡ. ಪಿಟಿಎಚ್ 112 ಅಂದರೆ ಆ 8.7 ಮೂಳೆಯಿಂದ ಕಿತ್ತು ತಂದದ್ದು. ವಿಟಮಿನ್ ಡಿ ಸಾಮಾನ್ಯವಾಗಿ ವಾರಕ್ಕೊಂದು 60,000 ಯೂನಿಟ್‌ನಂತೆ 8 ವಾರ ಬರೆಯುತ್ತಾರೆ, ಆಮೇಲೆ ದಿನಕ್ಕೆ 3000. ಗುರಿ 30ರ ಮೇಲೆ. ಮೂರು ತಿಂಗಳಿಗೆ ಪಿಟಿಎಚ್ ಇಳಿಯದಿದ್ದರೆ ಡೆಕ್ಸಾ (ಮೂಳೆ ಸಾಂದ್ರತೆಯ) ಸ್ಕ್ಯಾನ್ ಜೊತೆ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಬಳಿ ಹೋಗಿ.

ಪಥ್ಯ_ಪಾಕ

ಊಟದ ನಂತರ ಬೀಳುವ ಶುಗರ್ ಬಗ್ಗೆ ನಾನು ಹೇಳುತ್ತೇನೆ. ಇದು ಆಪರೇಷನ್ ಆದ ಹೊಸತರಲ್ಲಿ ಬರುವ ಡಂಪಿಂಗ್ (ಆಹಾರ ಕರುಳಿಗೆ ತಟ್ಟನೆ ಸುರಿಯುವುದು) ಅಲ್ಲ. ಅದು ತಿಂದ ಹತ್ತರಿಂದ ಮೂವತ್ತು ನಿಮಿಷದೊಳಗೆ ಎದೆಬಡಿತ, ಹೊಟ್ಟೆ ನುಲಿತ, ಭೇದಿಯಾಗಿ ಬರುತ್ತದೆ. ನೀವು ಬರೆದದ್ದು ವರ್ಷ ಕಳೆದ ಮೇಲೆ ಶುರುವಾಗುವ ತರಹದ್ದು. ಪೌಚ್‌ಗೆ ಬಾಗಿಲಿಲ್ಲ; ಸಾರನ್ನ ನೀರಾಗಿ ಕಲಸಿ ಉಂಡರೆ ಪಿಷ್ಟವೆಲ್ಲ ಒಮ್ಮೆಲೇ ಕರುಳಿಗೆ ಜಾರುತ್ತದೆ, ಶುಗರ್ ಚಿಮ್ಮುತ್ತದೆ, ಕರುಳಿನ ಹಾರ್ಮೋನ್ ಇನ್ಸುಲಿನ್ ಅನ್ನು ಅಗತ್ಯ ಮೀರಿ ಹೊರಡಿಸುತ್ತದೆ. ಎರಡು ಗಂಟೆಗೆ ಶುಗರ್ ನೆಲ ಕಚ್ಚುತ್ತದೆ.

ಊಟಕ್ಕೆ 30 ಗ್ರಾಂ ಕಾರ್ಬೋಹೈಡ್ರೇಟ್ ಮೀರಬಾರದು. 100 ಗ್ರಾಂ ಅನ್ನದಲ್ಲೇ 28 ಗ್ರಾಂ ಇರುತ್ತದೆ, ಹಾಗಾಗಿ ಅನ್ನವನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಬಡಿಸಿ, ಕಣ್ಣಳತೆ ನಂಬಬೇಡಿ. ತಿನ್ನುವ ಕ್ರಮವೂ ತಿರುಗಲಿ: ಮೊದಲು ಮೊಟ್ಟೆ, ಪನೀರ್ ಅಥವಾ ಕಾಳಿನ ಉಸ್ಲಿ, ಆಮೇಲೆ ಪಲ್ಯ, ಕೊನೆಗೆ ಅನ್ನ, ಅದೂ ಗಟ್ಟಿ ಹುಳಿಯ ಜೊತೆ. ಊಟದ ಜೊತೆಗೂ ಊಟವಾಗಿ ಅರ್ಧ ಗಂಟೆವರೆಗೂ ನೀರು ಬೇಡ. ಪಾನಕ, ಜ್ಯೂಸ್, ಸಕ್ಕರೆ ಕಾಫಿ ಪೂರಾ ನಿಲ್ಲಲಿ.

ಆಲ್ಬುಮಿನ್ 3.4 ನೋಡಿದರೆ ಪ್ರೋಟೀನ್ ಸಾಲುತ್ತಿಲ್ಲವೆಂಬ ಅನುಮಾನ ಬರುತ್ತದೆ. ದಿನಕ್ಕೆ 60ರಿಂದ 80 ಗ್ರಾಂ ಬೇಕು. 2 ಮೊಟ್ಟೆ (12), 200 ಎಂ.ಎಲ್. ಹಾಲಿಗೆ ಒಂದು ಸ್ಕೂಪ್ ವೇ ಪ್ರೋಟೀನ್ (30), 50 ಗ್ರಾಂ ಪನೀರ್ (9), 20 ಗ್ರಾಂ ಒಣ ಸೋಯಾ ಚಂಕ್ಸ್ (10), ಅರ್ಧ ಬಟ್ಟಲು ಗಟ್ಟಿ ಹುಳಿ (4), 100 ಗ್ರಾಂ ಮೊಸರು (3) ಸೇರಿದರೆ 68 ಆಗುತ್ತದೆ. ಬರೀ ತಿಳಿಸಾರು, ಮಜ್ಜಿಗೆ ನಂಬಿದರೆ 25 ದಾಟುವುದೂ ಕಷ್ಟ.

ಶುಗರ್ ಬಿದ್ದಾಗ 15 ಗ್ರಾಂ ಗ್ಲುಕೋಸ್ ಪುಡಿ, ಅಂದರೆ ಮೂರು ಟೀ ಚಮಚ, ಸ್ವಲ್ಪ ನೀರಲ್ಲಿ. 15 ನಿಮಿಷಕ್ಕೆ ಮತ್ತೆ ಮೀಟರ್. ಏರಿದ ಮೇಲೆ ಬೇಯಿಸಿದ ಮೊಟ್ಟೆಯೋ ಒಂದು ಹಿಡಿ ಕಡಲೆಕಾಯಿ ಬೀಜವೋ ಕೊಡಲೇಬೇಕು, ಇಲ್ಲದಿದ್ದರೆ ಆ ಗ್ಲುಕೋಸೇ ಮತ್ತೊಂದು ಇನ್ಸುಲಿನ್ ಅಲೆ ಎಬ್ಬಿಸುತ್ತದೆ.

ಊಟ ಬದಲಿಸಿಯೂ ನಿಲ್ಲದಿದ್ದರೆ ವೈದ್ಯರು ಅಕಾರ್ಬೋಸ್ ಬರೆಯಬಹುದು, ಸಾಮಾನ್ಯವಾಗಿ 25ರಿಂದ 50 ಮಿ.ಗ್ರಾಂ., ಮೊದಲ ತುತ್ತಿನ ಜೊತೆ. ಅದು ಶುರುವಾದ ಮೇಲೆ ಶುಗರ್ ಬಿದ್ದಾಗ ಸಕ್ಕರೆ, ಬೆಲ್ಲ ಕೊಟ್ಟರೆ ಬೇಗ ಏರುವುದಿಲ್ಲ, ಯಾಕಂದರೆ ಸಕ್ಕರೆ ಒಡೆಯುವ ಕಿಣ್ವವನ್ನೇ ಆ ಮಾತ್ರೆ ತಡೆದಿರುತ್ತದೆ. ಗ್ಲುಕೋಸ್ ಪುಡಿಯೇ ಬ್ಯಾಗಿನಲ್ಲಿರಲಿ.

75 ಗ್ರಾಂ ಗ್ಲುಕೋಸ್ ಕುಡಿಸುವ ಟೆಸ್ಟ್ ಒಪ್ಪಿಕೊಳ್ಳಬೇಡಿ. ತೋಳಿಗೆ ಅಂಟಿಸುವ 14 ದಿನದ ಗ್ಲುಕೋಸ್ ಸೆನ್ಸರ್ ಹಾಕಿಸಿ, ತಿಂದದ್ದನ್ನೆಲ್ಲ ಬರೆದಿಡಿ. ಖಾಲಿ ಹೊಟ್ಟೆಯಲ್ಲಿ, ಬೆಳಗಿನ ಜಾವದಲ್ಲಿ ಬೀಳುತ್ತಿದ್ದರೆ ಅದು ಬೈಪಾಸ್‌ನ ತಲೆಗೆ ಕಟ್ಟುವಂಥದ್ದಲ್ಲ, ಬೇರೆಯೇ ತಪಾಸಣೆ ಬೇಕು.

ಹೇಮಾವತಿ_ದಂಡೆ

ಇಬ್ಬರಿಗೂ ತುಂಬಾ ಧನ್ಯವಾದ. ಇನ್ನು ನಾಲ್ಕು ಮಾತು. ರಾತ್ರಿ ಒಂದು ಸಣ್ಣ ರಾಗಿಮುದ್ದೆ ಉಣ್ಣುತ್ತಾರೆ, ಕ್ಯಾಲ್ಸಿಯಂ ಸಿಗುತ್ತೆ ಅಂತ. ರಕ್ತಕ್ಕೆ ಅಂತ ದಿನಾ ಪಾಲಕ್ ಜ್ಯೂಸ್. ಮಂಡಿನೋವಿಗೆ ಅಸೆಕ್ಲೋಫೆನಾಕ್ ಸೇರಿದ ಮಾತ್ರೆ ವಾರಕ್ಕೆ ಮೂರ್ನಾಲ್ಕು. ಮೂರು ವಾರದಿಂದ ಊಟವಾದ ಮೇಲೆ ಎಡಗಡೆ ಪಕ್ಕೆ ಕೆಳಗೆ ಹಿಂಡಿದಂಥ ನೋವು, ಬೆನ್ನಿಗೂ ಹೋಗುತ್ತೆ, ಒಂದು ಗಂಟೆಗೆ ತಾನೇ ಬಿಡುತ್ತೆ. ಅಲ್ಟ್ರಾಸೌಂಡ್ ನಾರ್ಮಲ್ ಬಂದಿದೆ.

ಪಥ್ಯ_ಪಾಕ

ಹೊಟ್ಟೆನೋವಿನ ಬಗ್ಗೆ ತಿಳಿದವರು ಉತ್ತರಿಸಲಿ, ಅದು ಮುಖ್ಯ. ಮುದ್ದೆ ಅಗಿಯದೆ ನುಂಗುವ ತಿನಿಸು, ಪೌಚ್‌ನ ಸಣ್ಣ ಜೋಡಣೆಯಲ್ಲಿ ಸಿಕ್ಕಿಕೊಳ್ಳುತ್ತದೆ. ರಾಗಿ ಬೇಕೇ ಬೇಕೆಂದರೆ ತೆಳ್ಳಗಿನ ಅರ್ಧ ರೊಟ್ಟಿ, ಚೆನ್ನಾಗಿ ಅಗಿದು. ರಾಗಿಯ ಕ್ಯಾಲ್ಸಿಯಂ ನಿಜ, ಆದರೆ ರಾಗಿಯಲ್ಲೇ ಇರುವ ಫೈಟೇಟ್ ಎಂಬ ಅಂಶ ಅದನ್ನು ಕಟ್ಟಿಹಾಕುತ್ತದೆ. ಮಾತ್ರೆಯ ಬದಲಿಗೆ ಲೆಕ್ಕಕ್ಕೆ ತರಬೇಡಿ.

ಪಾಲಕ್ ಜ್ಯೂಸ್ ಇವತ್ತೇ ನಿಲ್ಲಿಸಿ. ಬೈಪಾಸ್ ಆದವರಲ್ಲಿ ಜೀರ್ಣವಾಗದ ಕೊಬ್ಬು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ಸೊಪ್ಪಿನಲ್ಲಿರುವ ಆಕ್ಸಲೇಟ್ ಎಂಬ ಅಂಶ ಬಿಡಿಯಾಗಿ ರಕ್ತ ಸೇರಿ ಕಿಡ್ನಿಯಲ್ಲಿ ಕಲ್ಲಾಗುತ್ತದೆ. ಹರಿವೆ, ದಂಟಿನ ಸೊಪ್ಪೂ ಅದೇ ಗುಂಪು. ಮೆಂತ್ಯ ಸೊಪ್ಪು ಪರವಾಗಿಲ್ಲ. ಊಟದ ಜೊತೆಯೇ ಕ್ಯಾಲ್ಸಿಯಂ ಸಿಟ್ರೇಟ್ ಅಂತ ಔಷಧಿ_ಲೆಕ್ಕ ಅಂದದ್ದಕ್ಕೆ ಇದೂ ಕಾರಣ, ಆಕ್ಸಲೇಟ್ ಕರುಳಲ್ಲೇ ಅದಕ್ಕೆ ಅಂಟಿ ಹೊರಹೋಗುತ್ತದೆ.

ವಾರ್ಡ್_ಡ್ಯೂಟಿ

ಈ ನೋವನ್ನು ಗ್ಯಾಸ್ಟ್ರಿಕ್ ಅಂದುಕೊಂಡು ಕಾಯಬೇಡಿ. ರಕ್ತ, ಬಿ12 ಎಲ್ಲ ಒಂದು ವಾರ ತಡೆದೀತು, ಇದು ತಡೆಯುವಂಥದ್ದಲ್ಲ.

ಎರಡು ಅನುಮಾನ. ಒಂದು, ಪೌಚ್ ಮತ್ತು ಕರುಳಿನ ಜೋಡಣೆಯಲ್ಲಿ ಹುಣ್ಣು. ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಬೈಪಾಸ್ ಆದವರಿಗೆ ಜೀವನಪೂರ್ತಿ ನಿಷಿದ್ಧ. ಪ್ಯಾಂಟೊಪ್ರಜೋಲ್ ಎರಡು ವರ್ಷ ನೋವನ್ನು ಮುಚ್ಚಿಟ್ಟಿರಬಹುದು. ಈ ಹುಣ್ಣು ಸಣ್ಣಗೆ ರಕ್ತ ಸೋರಿಸಿದರೂ ಫೆರಿಟಿನ್ 6ಕ್ಕೆ ಇಳಿಯುತ್ತದೆ, ಕಪ್ಪು ಮಲ ಹೋಗುತ್ತಿದೆಯೇ ಕೇಳಿ. ಎಂಡೋಸ್ಕೋಪಿ ಮಾಡಿಸಿ, ಹುಣ್ಣು ತರುವ ಎಚ್. ಪೈಲೋರಿ ಬ್ಯಾಕ್ಟೀರಿಯಾವನ್ನೂ ನೋಡಲಿ. ಮಂಡಿಗೆ ಬರೀ ಪ್ಯಾರಾಸಿಟಮಾಲ್. ಬೇರೆ ನೋವಿನ ಔಷಧಿ ಸೇರಿಸಿ ‘ಪ್ಲಸ್’ ಅಂತ ಇರುವ ಸ್ಟ್ರಿಪ್ ಬೇಡ.

ಎರಡನೆಯದು ಇನ್ನೂ ಅಪಾಯದ್ದು, ಇಂಟರ್ನಲ್ ಹರ್ನಿಯಾ. ಆಪರೇಷನ್‌ನಲ್ಲಿ ಕರುಳನ್ನು ಮೇಲೆ ಎಳೆದು ಜೋಡಿಸುವಾಗ ಅದರ ಪೊರೆಯಲ್ಲಿ ಸಂದುಗಳು ಉಳಿಯುತ್ತವೆ. ತೂಕ ಇಳಿದಂತೆ ಒಳಗಿನ ಕೊಬ್ಬು ಕರಗಿ ಆ ಸಂದು ಅಗಲವಾಗುತ್ತದೆ. ಕರುಳು ಅದರೊಳಗೆ ನುಸುಳುತ್ತದೆ, ತಾನೇ ಹೊರಬರುತ್ತದೆ. ಊಟದ ನಂತರ ಎಡ ಮೇಲ್ಭಾಗದಲ್ಲಿ ಹಿಂಡುವ ನೋವು, ಬೆನ್ನಿಗೆ ಹರಡಿ, ಬಂದು ಹೋಗುವುದು ಅದರ ಗುರುತು. ಒಂದು ದಿನ ಹೊರಬರದಿದ್ದರೆ ಕರುಳಿಗೆ ರಕ್ತ ನಿಂತು ಗಂಟೆಗಳಲ್ಲಿ ಕೊಳೆಯುತ್ತದೆ. ವಾಂತಿ ಆಗಲೇಬೇಕೆಂದಿಲ್ಲ. ಅಲ್ಟ್ರಾಸೌಂಡ್ ನಂಬಬೇಡಿ. ಕಾಂಟ್ರಾಸ್ಟ್ ಸಿ.ಟಿ. ಆಗಬೇಕು, ರಕ್ತನಾಳಗಳು ಸುಳಿ ಸುತ್ತಿದಂತಿವೆಯೇ ಎಂದು ಬೇರಿಯಾಟ್ರಿಕ್ (ತೂಕ ಇಳಿಸುವ ಆಪರೇಷನ್ ಮಾಡುವ) ಸರ್ಜನ್ ತಾವೇ ನೋಡಬೇಕು. ನೋವಿಲ್ಲದ ದಿನದ ಸಿ.ಟಿ. ನಾರ್ಮಲ್ ಬರಬಹುದು, ಆಗಲೂ ಲಕ್ಷಣ ಹೀಗೇ ಇದ್ದರೆ ಲ್ಯಾಪರೋಸ್ಕೋಪಿಯಲ್ಲಿ ಇಳಿದು ನೋಡಿ ಸಂದು ಹೊಲಿಯುತ್ತಾರೆ.

ಒಂದು ಚೀಟಿ ಬರೆದು ಅಕ್ಕನ ಪರ್ಸ್‌ನಲ್ಲಿಡಿ. ಎಮರ್ಜೆನ್ಸಿಯ ಡ್ಯೂಟಿ ಡಾಕ್ಟರ್‌ಗೆ ಅದನ್ನೇ ಕೊಡಿ:

“ರೂ-ಆನ್-ವೈ ಗ್ಯಾಸ್ಟ್ರಿಕ್ ಬೈಪಾಸ್ ಆಗಿದೆ, 4 ವರ್ಷ. ಹೊಟ್ಟೆನೋವಿಗೆ ಇಂಟರ್ನಲ್ ಹರ್ನಿಯಾ ನೋಡಬೇಕು. ಡೈಕ್ಲೋಫೆನಾಕ್ ಇಂಜೆಕ್ಷನ್ ಬೇಡ. ಮೂಗಿನ ಟ್ಯೂಬ್ ಕುರುಡಾಗಿ ಹಾಕಬೇಡಿ. ವಾಂತಿ ಇದ್ದರೆ ಗ್ಲುಕೋಸ್ ಡ್ರಿಪ್‌ಗೆ ಮೊದಲು ಥಯಾಮಿನ್ (ವಿಟಮಿನ್ ಬಿ1) ಕೊಡಿ.”

ಕೊನೆಯ ಸಾಲು ಬಿಡಬೇಡಿ. ವಾರಗಟ್ಟಲೆ ವಾಂತಿಯಾದವರಿಗೆ ಥಯಾಮಿನ್ ಇಲ್ಲದೆ ಗ್ಲುಕೋಸ್ ಏರಿಸಿದರೆ ಇದ್ದಬದ್ದ ಥಯಾಮಿನ್ ಖಾಲಿಯಾಗಿ ಮೆದುಳಿಗೆ ಹೊಡೆತ ಬೀಳುತ್ತದೆ: ಕಣ್ಣಾಲಿ ತಿರುಗದು, ನಡಿಗೆ ತೂರಾಡುತ್ತದೆ, ಮಾತು ಗೊಂದಲವಾಗುತ್ತದೆ.

ಇವತ್ತೇ ಸರ್ಜನ್‌ಗೆ ಫೋನ್ ಮಾಡಿ, ನಾಳೆಯೊಳಗೆ ಸಿ.ಟಿ. ಕೇಳಿ. ಅಷ್ಟರಲ್ಲಿ ನೋವು ಬಂದು ಒಂದೆರಡು ಗಂಟೆಗೂ ಬಿಡದಿದ್ದರೆ, ಅಥವಾ ವಾಂತಿ, ಜ್ವರ, ಎದೆಬಡಿತ ಜೊತೆಗಿದ್ದರೆ, ಸಿ.ಟಿ. ಮತ್ತು ಸರ್ಜನ್ ಎರಡೂ ಇರುವ ಆಸ್ಪತ್ರೆಗೆ ನೇರ ಹೋಗಿ. ದಾರಿಯಲ್ಲಿ ಏನೂ ತಿನ್ನಿಸಬೇಡಿ. ರಿಪೋರ್ಟ್ ಆಗುವವರೆಗೆ ಅಕ್ಕ ಒಬ್ಬರೇ ದೂರದ ಬಸ್ ಹತ್ತುವುದು ಬೇಡ.

ಹೇಮಾವತಿ_ದಂಡೆ

ಫೋನ್ ಮಾಡಿದೆವು. ನಾಳೆ ಬೆಳಿಗ್ಗೆ 8ಕ್ಕೆ ಸಿ.ಟಿ., ಮಧ್ಯಾಹ್ನ ಎಂಡೋಸ್ಕೋಪಿ. ಚೀಟಿ ಬರೆದಾಯ್ತು. ರಿಪೋರ್ಟ್ ಬಂದ ಕೂಡಲೇ ಇಲ್ಲಿ ಹಾಕ್ತೀನಿ.