ಕೆಂಪು ಕಡಲಕಳೆ ಬೆಳ್ಳಗಾಗಿ ಮುರಿಯುತ್ತಿದೆ (ಸೋಮವಾರಪೇಟೆ)

ಕಾಫಿಗಿಡ:
ತಮಿಳುನಾಡಿನ ಮಂಡಪಂ ಕಡೆ ಹೋಗಿದ್ದ ಸ್ನೇಹಿತ ಏಪ್ರಿಲ್‌ನಲ್ಲಿ ಒಂದು ಹಿಡಿ ಕಪ್ಪಾಫೈಕಸ್ ಅನ್ನೋ ಕೆಂಪು ಕಡಲಕಳೆ ತಂದುಕೊಟ್ಟಿದ್ದ. 100 ಲೀಟರ್ ಗಾಜಿನ ತೊಟ್ಟಿಯಲ್ಲಿ ಹಾಕಿದೆ, ಚೆನ್ನಾಗಿಯೇ ಕವಲೊಡೆಯಿತು. ಮಳೆ ಹಿಡಿದ ಮೇಲೆ ಕೊಂಬೆ ನಡುವೆ ಬೆಳ್ಳಗೆ, ಮೆತ್ತಗೆ, ನೂಲುಪುಟ್ಟಿನ ಎಳೆ ತರ ಆಗಿ ಮುಟ್ಟಿದರೆ ಅಲ್ಲೇ ಮುರಿಯುತ್ತದೆ. ಗೊಬ್ಬರ ಸಾಲದಾ?

ಉಪ್ಪುನೀರು:
ಗೊಬ್ಬರ ಬೇಡ ಮಾರಾಯ್ರೇ, ಪಾಚಿ ಕಟ್ಟುತ್ತದೆ ಅಷ್ಟೆ. ನೀರು ಎಷ್ಟು ಡಿಗ್ರಿ ಇದೆ? ಯಾವ ಉಪ್ಪು?

ಕಾಫಿಗಿಡ:
ಈಗ ನೋಡಿದೆ, 19. ಮೊದಲು ಮಂಗಳೂರಿಂದ ಕ್ಯಾನ್‌ನಲ್ಲಿ ತಂದ ಸಮುದ್ರದ ನೀರು, ಅದು ಮುಗಿದ ಮೇಲೆ ಅಂಗಡಿ ಕಲ್ಲುಪ್ಪು. ಕರೆಂಟ್ ಕಥೆ ಕೇಳಬೇಡಿ, ಲೈನ್ ಮೇಲೆ ಮರ ಬಿದ್ದು ಮೂರು ದಿನ ಪಂಪೂ ಇಲ್ಲ, ಲೈಟೂ ಇಲ್ಲ.

ಉಪ್ಪುನೀರು:
ಅಲ್ಲೇ ಇದೆ ನೋಡಿ. ಇದಕ್ಕೆ ಐಸ್-ಐಸ್ ಅಂತಾರೆ, ಫಿಲಿಪ್ಪೀನ್ಸ್, ಇಂಡೋನೇಷ್ಯಾದ ಬೆಳೆಗಾರರಿಗೂ ಇದೇ ತಲೆನೋವು. ಬೆಳಕು, ಉಪ್ಪು, ಬಿಸಿ ಏರುಪೇರಾಗಿ ಗಿಡ ಸೊರಗಿದಾಗ ಬ್ಯಾಕ್ಟೀರಿಯಾ ಹತ್ತಿಕೊಳ್ಳುತ್ತದೆ. ಕಲ್ಲುಪ್ಪು ಹೆಚ್ಚುಕಮ್ಮಿ ಬರೀ ಸೋಡಿಯಂ ಕ್ಲೋರೈಡ್. ಉಪ್ಪು ಹರಳು ಕಟ್ಟಿದ ಮೇಲೆ ಉಪ್ಪಿನ ಗದ್ದೆಯಲ್ಲಿ ಉಳಿಯುವ ಕಹಿನೀರನ್ನು ಹೊರಗೆ ಬಿಡುತ್ತಾರಲ್ಲ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲ ಬಹುಪಾಲು ಅದರ ಜೊತೆಗೇ ಹೋಗಿರುತ್ತದೆ. ಬೆಳ್ಳಗಾದ ಜಾಗದಿಂದ ಒಂದಿಂಚು ಬಿಟ್ಟು ಬ್ಲೇಡಿನಿಂದ ಕತ್ತರಿಸಿ, ಗಟ್ಟಿ ತುದಿ ಮಾತ್ರ ಇಟ್ಟುಕೊಳ್ಳಿ. ಅಕ್ವೇರಿಯಂ ಅಂಗಡಿಯ ಸಮುದ್ರದ ಉಪ್ಪು ತಂದು ಲೀಟರಿಗೆ ಸುಮಾರು 35 ಗ್ರಾಂ ಕಲಸಿ, ಹೀಟರ್ 26ಕ್ಕೆ ಇಡಿ. ನೀರು ಆವಿಯಾಗಿ ಕಮ್ಮಿಯಾದಷ್ಟಕ್ಕೆ ಸಿಹಿನೀರೇ ಹಾಕಿ, ಉಪ್ಪುನೀರು ಹಾಕಿದರೆ ಉಪ್ಪು ಏರುತ್ತಾ ಹೋಗುತ್ತದೆ.

ಏಲಕ್ಕಿ:
ನನಗೂ ಹೀಗೇ ಆಗಿತ್ತು. ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ, ತೊಟ್ಟಿಗೆ ಥರ್ಮಾಕೋಲ್ ಸುತ್ತಿ. ಜುಲೈನಲ್ಲಿ ನಮ್ಮಲ್ಲಿ ಬಿಸಿಲು ನಂಬಿ ಕೂತರೆ ಕಷ್ಟ, ಎಲ್‌ಇಡಿ ಬೇಕೇ ಬೇಕು. ಕತ್ತರಿಸಿದ್ದನ್ನು ತೋಡಿಗೆ ಎಸೆಯಬೇಡಿ, ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಮನ್ನಾರ್ ಕೊಲ್ಲಿಯಲ್ಲಿ ಇದೇ ಜಾತಿ ಹವಳದ ಮೇಲೆ ಹಬ್ಬಿ ತೊಂದರೆ ಕೊಟ್ಟಿದೆ.

ಕಾಫಿಗಿಡ:
ಸರಿ, ಸುಮ್ನೆ ಕಲ್ಲುಪ್ಪಿಗೆ ದುಡ್ಡು ಹಾಕಿದೆ. ಇನ್ನೊಂದು ವಿಷಯ, ಅಮ್ಮನಿಗೆ ಶುಗರ್, ಥೈರಾಯ್ಡ್ ಎರಡೂ ಇದೆ. ಕಕ್ಕಡ (ಆಟಿ) ತಿಂಗಳ 18ಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುವ ಹಾಗೆ ಇದನ್ನೂ ಬೇಯಿಸಿ ಕೊಡಬಹುದಾ ಅಂತ ಕೇಳುತ್ತಿದ್ದಾರೆ.

ಉಪ್ಪುನೀರು:
ತೊಟ್ಟಿಯದ್ದು ಖಂಡಿತ ಬೇಡ. ನೀರಿನಲ್ಲಿರುವ ಲೋಹವನ್ನೆಲ್ಲ ಅದು ಹೀರಿಕೊಳ್ಳುತ್ತದೆ, ಮೀನಿಗೆ ತಾಮ್ರದ ಔಷಧಿ ಹಾಕಿದ್ದರೆ ಅದನ್ನೂ. ಇದರಿಂದ ತೆಗೆಯುವ ಕ್ಯಾರಗೀನನ್ ಅನ್ನೋ ಅಂಟು ಐಸ್‌ಕ್ರೀಮಿಗೂ ಹೋಗುತ್ತದೆ, ನಾರಿನ ಅಂಶ ಜಾಸ್ತಿ ಇದೆ, ಇಲಿಗಳ ಮೇಲಿನ ಪ್ರಯೋಗದಲ್ಲಿ ತೂಕ ಇಳಿದಿದ್ದೂ ಉಂಟು. ಆದರೆ ಇಲಿ ಇಲಿಯೇ, ಅಮ್ಮ ಅಮ್ಮನೇ. ಕಡಲಕಳೆಯಲ್ಲಿ ಅಯೋಡಿನ್ ಇರುತ್ತದೆ, ಥೈರಾಯ್ಡ್ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಕಾಫಿಗಿಡ:
12 ದಿನ ಆಯ್ತು. ಐದು ತುಂಡಿನಲ್ಲಿ ಎರಡು ಕರಗಿದವು, ಮೂರರಲ್ಲಿ ಸಾಸಿವೆ ಕಾಳಿನಷ್ಟು ಹೊಸ ಚಿಗುರು ಬಂದಿದೆ. ಅಮ್ಮ ಮದ್ದುಸೊಪ್ಪಿನ ಪಾಯಸವೇ ಸಾಕು ಅಂದರು.