ಸಹಾಯ ಬೇಕು: ಎಸಿಎಲ್ ಆಪರೇಷನ್‌ಗೆ ಯಾವ ಗ್ರಾಫ್ಟ್?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 23 ವರ್ಷ. ಕಬಡ್ಡಿಯಲ್ಲಿ ರೈಡ್‌ಗೆ ಹೋಗಿ ಗಕ್ಕನೆ ತಿರುಗಿದಾಗ ಬಲ ಮಂಡಿಯ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಪೂರ್ತಿ ಹರಿದಿದೆ. ಮೆಟ್ಟಿಲು ಇಳಿಯುವಾಗ ಮಂಡಿ ಜಾರಿದ ಹಾಗಾಗುತ್ತದೆ, ಗೋಡೆ ಹಿಡಿದೇ ಇಳಿಯುತ್ತಾನೆ. ಆಪರೇಷನ್ ಆಗಲೇಬೇಕು. ಹರಿದ ಎಸಿಎಲ್ ಜಾಗಕ್ಕೆ ಬೇರೆ ಕಡೆಯ ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ನಾರು) ತೆಗೆದು ಹಾಕುತ್ತಾರೆ, ಅದೇ ಗ್ರಾಫ್ಟ್.

ಒಬ್ಬ ಡಾಕ್ಟರ್ ತೊಡೆ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಅಂದರು. ಇನ್ನೊಬ್ಬರು ಮಂಡಿಚಿಪ್ಪಿನ ಕೆಳಗಿನ ಪಟೆಲ್ಲಾರ್ ಟೆಂಡನ್ ಅಂದರು. ಅದರ ಎರಡೂ ತುದಿಯಲ್ಲಿ ಮೂಳೆ ತುಣುಕು ಇರುವುದರಿಂದ ಬೇಗ ಕೂಡಿಕೊಳ್ಳುತ್ತದೆ, ಆಟಗಾರರಿಗೆ ಒಳ್ಳೆಯದು. ಆದರೆ ಮಂಡಿಯೂರಿದರೆ ಮುಂದುಗಡೆ ನೋವು ಉಳಿಯಬಹುದಂತೆ. ಇವನ ಕೆಲಸ ಟೈಲ್ಸ್ ಹಾಕುವುದು! ದಿನವಿಡೀ ಮಂಡಿಯ ಮೇಲೇ ಇರಬೇಕು. ಹ್ಯಾಮ್‌ಸ್ಟ್ರಿಂಗ್ ತೆಗೆದರೆ ಕಾಲು ಹಿಂದಕ್ಕೆ ಮಡಚುವ ಬಲ ಸ್ವಲ್ಪ ಕಡಿಮೆಯಾಗಬಹುದು. ರೈಡರ್‌ಗೆ ಅದೂ ಬೇಕು ಅಲ್ವಾ? ದಾನಿಯ ಟೆಂಡನ್ ಹುಡುಗರಲ್ಲಿ ಮತ್ತೆ ಹರಿಯುವುದು ಜಾಸ್ತಿ, ಹಾಗಾಗಿ ಅದು ಬೇಡ.

ಮಂಡಿಯೂರಿ ಕೆಲಸ ಮಾಡುವವರು ಯಾರಾದರೂ ಪಟೆಲ್ಲಾರ್ ಹಾಕಿಸಿಕೊಂಡಿದ್ದೀರಾ? ಈಗ ಹೇಗಿದೆ? ಪಾದದ ಗಂಟಿನ ಪಕ್ಕದ ಪೆರೋನಿಯಸ್ ಲಾಂಗಸ್ ಟೆಂಡನ್ ಗ್ರಾಫ್ಟ್‌ಗೆ ತೆಗೆಸಿದವರು ಇದ್ದರೆ, ಓಡುವಾಗ ಪಾದದ ಬಲ ಸರಿಯಿದೆಯಾ ತಿಳಿಸಿ. ಆಟಕ್ಕೆ ಮರಳಲು ಕನಿಷ್ಠ 9 ತಿಂಗಳು ಅಂದಿದ್ದಾರೆ, ಅವನು ಕಾಯಲು ತಯಾರಿದ್ದಾನೆ. ಕೆಲಸ ಮಾತ್ರ ಬಿಡುವ ಹಾಗಿಲ್ಲ. ಮುಂದಿನ ವಾರ ಡಾಕ್ಟರಿಗೆ ಹೇಳಬೇಕು, ದಯವಿಟ್ಟು ನಿಮ್ಮ ಅನುಭವ ಬರೆಯಿರಿ.