ಶಾಲೆಗೆ ಟೆಲಿಸ್ಕೋಪ್: ಮಲೆನಾಡಿನ ಥಂಡಿಯಲ್ಲಿ ಯಾವುದು ಬಾಳಿಕೆ ಬರುತ್ತೆ?

ಮೇಷ್ಟ್ರು_ಹೊಸನಗರ

ಹೊಸನಗರ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಟೆಲಿಸ್ಕೋಪ್ ತರಿಸಬೇಕು. ಹಳೇ ವಿದ್ಯಾರ್ಥಿಗಳು ಕೂಡಿಸಿದ ದುಡ್ಡು, 40 ಸಾವಿರದೊಳಗೆ ಆಗಬೇಕು. ಚಂದ್ರಯಾನ-3 ಇಳಿದಾಗಿಂದ ಮಕ್ಕಳಿಗೆ ಆಕಾಶದ ಹುಚ್ಚು, ಅದರಲ್ಲೂ ಕಪ್ಪುಕುಳಿ ಅಂದ್ರೆ ಮುಗೀತು. ಆನ್‌ಲೈನ್‌ನಲ್ಲಿ "525 ಪಟ್ಟು" ಅಂತ ಬರೋ ಟ್ರೈಪಾಡ್ ಟೆಲಿಸ್ಕೋಪ್ ಸಾಕಾ? ಮಳೆಗಾಲದಲ್ಲಿ ಇಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತೆ, ಲೆನ್ಸ್ ಗತಿ ಏನು? 40 ಮಕ್ಕಳ ಗುಂಪಿಗೆ ಒಂದು ಸಂಜೆಯಲ್ಲಿ ಏನೇನು ತೋರಿಸಬಹುದು? ವಿಕ್ರಮ್ ಇಳಿದ ಜಾಗ ಕಾಣುತ್ತಾ?

ಆರಿಂಚು_ಕನ್ನಡಿ

ಆ 525 ಎಲ್ಲಿಂದ ಬಂತು ಅಂತ ಲೆಕ್ಕ ಹಾಕಿ ಸರ್. ಕೊಳವೆಯ ನಾಭಿದೂರ 700 ಮಿ.ಮೀ., ಐಪೀಸ್ (ಕಣ್ಣಿಟ್ಟು ನೋಡೋ ಲೆನ್ಸ್) 4 ಮಿ.ಮೀ., ಭಾಗಿಸಿದ್ರೆ 175. ಅದಕ್ಕೆ ಮೂರು ಪಟ್ಟಿನ ಬಾರ್ಲೋ, ಅಂದರೆ ಪಟ್ಟು ಹೆಚ್ಚಿಸೋ ಇನ್ನೊಂದು ಲೆನ್ಸ್, ಸೇರಿಸಿದ್ರೆ 525. ಲೆಕ್ಕ ಸರಿ, ಆದರೆ ಕಾಣೋದು ಮಸುಕು. ಲೆನ್ಸಿನ ಅಗಲದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು, ಅದಕ್ಕಿಂತ ಹೆಚ್ಚು ಎಳೆದ್ರೆ ಹೊಸ ವಿವರ ಬರಲ್ಲ. 70 ಮಿ.ಮೀ. ಲೆನ್ಸಿಗೆ 140 ಪಟ್ಟೇ ಕೊನೆ. ಮೇಲಾಗಿ ಆ ತಗಡಿನ ಟ್ರೈಪಾಡ್. ಫೋಕಸ್ ತಿರುಗಿಸೋಕೆ ಕೈ ಇಟ್ಟರೆ ಸಾಕು, ಶನಿ ಕುಣಿಯೋಕೆ ಶುರು ಮಾಡ್ತಾನೆ. ಮಕ್ಕಳ ಕೈಗಂತೂ ಬೇಡವೇ ಬೇಡ.

ತಗೊಳ್ಳೋದಾದ್ರೆ 6 ಇಂಚಿನ ಡಾಬ್ಸೋನಿಯನ್. 150 ಮಿ.ಮೀ. ಕನ್ನಡಿ, 1200 ಮಿ.ಮೀ. ನಾಭಿದೂರ, ಕೆಳಗೆ ಮರದ ಪೆಟ್ಟಿಗೆಯಂಥ ತಿರುಗುಪೀಠ. ಮೋಟಾರ್ ಇಲ್ಲ, ಕೆಡೋದಕ್ಕೇ ಏನೂ ಇಲ್ಲ. 25 ಮಿ.ಮೀ. ಐಪೀಸಿಗೆ 48 ಪಟ್ಟು, 10 ಮಿ.ಮೀ.ಗೆ 120. ಇವೆರಡೇ ಸಾಕು. ದುಡ್ಡು ಉಳಿದ್ರೆ ಒಂದು 10x50 ಬೈನಾಕ್ಯುಲರ್ ತಗೊಳ್ಳಿ, ಸಾಲಲ್ಲಿ ಕಾಯೋ ಮಕ್ಕಳಿಗೆ ಅದೇ ಕೆಲಸ.

ಅಂಗಡಿಯವರು ಹೇಳದ ಸಂಗತಿ ಪೀಠದ್ದು. ಅದು ಪಾರ್ಟಿಕಲ್ ಬೋರ್ಡ್, ಮರದ ಚೂರು ಒತ್ತಿ ಮಾಡಿದ ಹಲಗೆ. ನಮ್ಮ ಕಡೆ ಒಂದು ಮಳೆಗಾಲ ಸಾಕು, ಅಂಚು ಉಬ್ಬುತ್ತೆ, ಸ್ಕ್ರೂ ಕಿತ್ತು ಬರುತ್ತೆ, ಆಮೇಲೆ ತಿರುಗಿಸುವಾಗ ಜಗ್ಗುತ್ತೆ. ಡಬ್ಬಿ ಬಿಚ್ಚಿದ ದಿನ ಜೋಡಿಸೋಕೆ ಹೋಗಬೇಡಿ. ಕತ್ತರಿಸಿದ ಅಂಚುಗಳಿಗೆ, ಸ್ಕ್ರೂ ತೂತುಗಳ ಒಳಕ್ಕೆ, ಅಡಿಭಾಗಕ್ಕೆ ಎರಡು ಕೈ ವಾರ್ನಿಶ್ ಹೊಡೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಆಗಲೇ ಉಬ್ಬಿದ್ದರೂ ಗಾಬರಿ ಬೇಡ, ಹಲಗೆಗಳನ್ನೇ ಅಳತೆಗೆ ಕೊಟ್ಟರೆ ಊರಿನ ಬಡಗಿ 18 ಮಿ.ಮೀ. ಮರೀನ್ ಪ್ಲೈನಲ್ಲಿ ಮಾಡಿಕೊಡ್ತಾರೆ. ಹಳೇ ಪೀಠದಲ್ಲಿರೋ ಬಿಳಿ ಟೆಫ್ಲಾನ್ ತುಂಡುಗಳನ್ನು ಮಾತ್ರ ಎಸೆಯಬೇಡಿ. ಅದು ಜಾರೋ ಜಾಗಕ್ಕೆ ಸ್ವಲ್ಪ ತರಿತರಿ ಇರೋ ಸನ್ಮೈಕಾ ಅಂಟಿಸಿ. ನುಣುಪಿನದ್ದು ಹಾಕಿದ್ರೆ ಮೊದಲು ಹಿಡಿದುಕೊಂಡು ಆಮೇಲೆ ದಡಕ್ಕನೆ ಜಾರುತ್ತೆ.

ತ್ರಿಶಂಕು

ತೋರಿಸೋ ವಿಷಯಕ್ಕೆ ಬರ್ತೀನಿ. ಜಾಗ ಅಡಿಕೆ ಒಣಗಿಸೋ ಅಂಗಳದಷ್ಟು ಬಯಲಿದ್ರೆ ಸಾಕು, ಆದರೆ ದಕ್ಷಿಣ ದಿಕ್ಕು ನೋಡಿಕೊಳ್ಳಿ. ನಮ್ಮ ಅಕ್ಷಾಂಶ ಸುಮಾರು 14 ಡಿಗ್ರಿ. ಹಾಗಾಗಿ ತ್ರಿಶಂಕು ನಕ್ಷತ್ರಪುಂಜ ಅತಿ ಎತ್ತರಕ್ಕೆ ಬಂದಾಗಲೂ 16 ಡಿಗ್ರಿ ಆಸುಪಾಸು. 15 ಮೀಟರ್ ಎತ್ತರದ ತೋಟ 50 ಮೀಟರ್ ಒಳಗಿದ್ರೆ ಅದು ಮರದ ಹಿಂದೆ. ಒಮೇಗಾ ಸೆಂಟಾರಿ ಅನ್ನೋ ನಕ್ಷತ್ರಗುಚ್ಛ 28 ಡಿಗ್ರಿಗೆ ಏರುತ್ತೆ, ಸಿಗುತ್ತೆ.

40 ಮಕ್ಕಳಿಗೆ 120 ಪಟ್ಟಿನಲ್ಲಿ ತೋರಿಸೋಕೆ ಹೋದ್ರೆ ಕೆಟ್ಟಿರಿ. ಭೂಮಿ ತಿರುಗ್ತಿರುತ್ತಲ್ಲ, ಆ ಐಪೀಸಿನ ನೋಟದಿಂದ ಗ್ರಹ ಒಂದೂಮುಕ್ಕಾಲು ನಿಮಿಷದೊಳಗೆ ಜಾರಿಹೋಗುತ್ತೆ. 48 ಪಟ್ಟಿನಲ್ಲಿ ಸುಮಾರು ನಾಲ್ಕು ನಿಮಿಷ ಸಿಗುತ್ತೆ, ಅಷ್ಟರಲ್ಲಿ ಏಳೆಂಟು ಮಕ್ಕಳು ನೋಡ್ತಾರೆ. ಗ್ರಹವನ್ನು ನಡುವೆ ಇಡಬೇಡಿ, ಒಳಗೆ ಬರುವ ಅಂಚಿನಲ್ಲಿಟ್ಟು ಬಿಡಿ, ತಾನೇ ದಾಟಲಿ. ಪಕ್ಕದಲ್ಲಿ ಒಂದು ಸ್ಟೂಲ್ ಇರಲಿ, ಅದನ್ನು ಹಿಡಿದು ಬಗ್ಗೋದು ಅಂತ ಮೊದಲೇ ಹೇಳಿ. ಹಿಡಿಯೋಕೆ ಏನೂ ಇಲ್ಲದಿದ್ರೆ ಮಕ್ಕಳು ಐಪೀಸನ್ನೇ ಹಿಡೀತಾರೆ.

ಶನಿಯ ಬಳೆ 2025ರ ಮಾರ್ಚ್‌ನಲ್ಲಿ ನಮಗೆ ಅಂಚು ತೋರಿಸಿತ್ತು, ಅದಕ್ಕೇ ಆ ಸುಮಾರಿಗೆ ನೋಡಿದವರಿಗೆಲ್ಲ ಬರೀ ಗೆರೆ. ಈಗ ತೆರೆದುಕೊಳ್ತಾ ಇದೆ, 2032ರ ಹೊತ್ತಿಗೆ ಪೂರ್ತಿ ಅಗಲ. 2026ರಲ್ಲಿ ಅಕ್ಟೋಬರ್ 4ಕ್ಕೆ ಶನಿ ಸೂರ್ಯನಿಗೆ ಎದುರು, ಅಂದರೆ ರಾತ್ರಿಯಿಡೀ ಕಾಣ್ತಾನೆ. ಮಳೆ ಬಿಟ್ಟ ಮೇಲೆ ನವೆಂಬರ್, ಡಿಸೆಂಬರ್ ಸಂಜೆಗಳು ಹೇಳಿ ಮಾಡಿಸಿದ ಹಾಗಿರ್ತವೆ. ಆಂಡ್ರೊಮೆಡಾ ಗೆಲಾಕ್ಸಿ ತೋರಿಸುವಾಗ ಮೊದಲೇ ಎಚ್ಚರಿಸಿ: ಮೊಬೈಲಲ್ಲಿ ನೋಡಿದ ಬಣ್ಣ ಇರಲ್ಲ, ಬೂದುಬಣ್ಣದ ಮಸುಕು ಅಷ್ಟೇ. 25 ಲಕ್ಷ ಜ್ಯೋತಿರ್ವರ್ಷ ದೂರದ ಬೆಳಕು ಅಂತ ಹೇಳಿ ಆಮೇಲೆ ನೋಡಿಸಿ, ಯಾರೂ "ಇಷ್ಟೇನಾ" ಅನ್ನಲ್ಲ.

ಕಪ್ಪುಕುಳಿ ಕೇಳೋ ಮಕ್ಕಳಿಗೆ ಒಂದು ಉಪಾಯ ಇದೆ. ನವೆಂಬರ್ ಮಧ್ಯದಲ್ಲಿ ಸಂಜೆ ಏಳಕ್ಕೆ ವಾಯವ್ಯದಲ್ಲಿ ಎತ್ತರದಲ್ಲೇ ಸಿಗ್ನಸ್, ಅಂದರೆ ರಾಜಹಂಸ ಇರುತ್ತೆ. ಅದರ ಕತ್ತಿನ ನಡುವಿನ ಈಟಾ ನಕ್ಷತ್ರ ಹಿಡಿಯಿರಿ. ಅದರಿಂದ ಅರ್ಧ ಡಿಗ್ರಿ ದೂರದಲ್ಲಿ ಸುಮಾರು 9ನೇ ಕಾಂತಿಮಾನದ, ಅಂದರೆ ಬರಿಗಣ್ಣಿಗೆ ಕಾಣದಷ್ಟು ಮಸುಕಿನ, ಒಂದು ಚುಕ್ಕಿ ಇದೆ, 48 ಪಟ್ಟಿನ ನೋಟದಲ್ಲಿ ಎರಡೂ ಒಟ್ಟಿಗೆ ಬರ್ತವೆ. ಆ ಚುಕ್ಕಿ 5.6 ದಿನಕ್ಕೊಮ್ಮೆ ಸುತ್ತು ಹಾಕ್ತಿರೋದು ಸಿಗ್ನಸ್ ಎಕ್ಸ್-1 ಎಂಬ ಕಪ್ಪುಕುಳಿಯ ಜೊತೆ. ಕುಳಿ ಸೂರ್ಯನ 21 ಪಟ್ಟು ಭಾರ, ಕಾಣಲ್ಲ. ಜೊತೆಗಾರ ನಕ್ಷತ್ರ ಕಾಣುತ್ತೆ. ನಕ್ಷೆ ಮುಂದಿಟ್ಟುಕೊಂಡೇ ಹುಡುಕಿ, ಅಲ್ಲಿ ಕ್ಷೀರಪಥದ ಚುಕ್ಕಿಗಳ ಸಂತೆ.

ವಿಕ್ರಮ್ ಕಾಣಲ್ಲ. 6 ಇಂಚಿನ ಕನ್ನಡಿ ಬೇರ್ಪಡಿಸಬಲ್ಲ ಅತಿ ಸಣ್ಣ ಕೋನ 0.77 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್), ಚಂದ್ರನ ಮೇಲೆ ಅದು ಸುಮಾರು 1.4 ಕಿ.ಮೀ. ವಿಕ್ರಮ್ ಇರೋದೇ ಎರಡು ಮೀಟರ್ ಆಸುಪಾಸು. ಆದರೆ ಇಳಿದ ಪ್ರದೇಶ ತೋರಿಸಬಹುದು: ದಕ್ಷಿಣದ ಅಂಚಿನ ಹತ್ತಿರ 98 ಕಿ.ಮೀ. ಅಗಲದ ಮಾನ್ಜಿನಸ್ ಕುಳಿ ಹುಡುಕಿ, ಅದರ ನೆರೆಯಲ್ಲೇ, 69 ಡಿಗ್ರಿ ದಕ್ಷಿಣದಲ್ಲಿ. ಹುಣ್ಣಿಮೆ ದಿನ ಬೇಡ, ನೆರಳಿಲ್ಲದೆ ಕುಳಿಗಳೆಲ್ಲ ಚಪ್ಪಟೆ ಕಾಣ್ತವೆ. ಶುಕ್ಲ ಪಕ್ಷದ ಸಪ್ತಮಿ, ಅಷ್ಟಮಿ ಒಳ್ಳೇದು.

ಬೂಸ್ಟು_ವೈರಿ

ಗಾಳಿಯ ತೇವ ಶೇ. 65-70 ದಾಟಿದ್ರೆ ಗಾಜಿನ ಮೇಲೆ ಬೂಸ್ಟು ಬೆಳೆಯುತ್ತೆ. ಜಡಿಮಳೆಯಲ್ಲಿ ನಮ್ಮಲ್ಲಿ ಅದು 90ರ ಮೇಲೇ. ಬೂಸ್ಟು ಬಿಡೋ ಆಮ್ಲ ಲೆನ್ಸಿನ ಲೇಪವನ್ನೇ ತಿನ್ನುತ್ತೆ, ಒರೆಸಿದ್ರೆ ಎಳೆ ಹೋಗಬಹುದು, ಗುರುತು ಹೋಗಲ್ಲ.

ಐಪೀಸುಗಳನ್ನು ರಬ್ಬರ್ ಅಂಚಿನ, ಗಾಳಿಯಾಡದ 5 ಲೀಟರ್ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಜೊತೆಗೆ 100 ಗ್ರಾಂ ಸಿಲಿಕಾ ಜೆಲ್, ಒಂದು ಪುಟ್ಟ ಹೈಗ್ರೋಮೀಟರ್ (ತೇವ ಅಳೆಯೋ ಮೀಟರ್). ಮುಳ್ಳು 40-50ರ ನಡುವೆ ಇರಲಿ. ಕೊಳವೆಗೆ ಎರಡೂ ಕಡೆ ಮುಚ್ಚಳ ಹಾಕಿ, ಅರ್ಧ ಕೆಜಿ ಜೆಲ್ ಬಟ್ಟೆಚೀಲದಲ್ಲಿ ಕಟ್ಟಿ ಜೊತೆಗಿಟ್ಟು, ದಪ್ಪ ಪಾಲಿಥೀನಿನಲ್ಲಿ ಸುತ್ತಿ ಟೇಪ್ ಹೊಡೆಯಿರಿ. ಬೀರುವಿನೊಳಗೆ ಬಲ್ಬ್ ಉರಿಸೋ ಹಳೇ ಪದ್ಧತಿ ತಪ್ಪಲ್ಲ, ಆದರೆ ಜುಲೈಯಲ್ಲಿ ಕರೆಂಟ್ ಹೋದ್ರೆ ಮೂರು ದಿನ ಬರಲ್ಲ ಅನ್ನೋದು ನಿಮಗೇ ಗೊತ್ತು.

ಜೆಲ್ ಕಿತ್ತಳೆ ಬಣ್ಣದ್ದೇ ತಗೊಳ್ಳಿ, ನೀಲಿಯದ್ದರಲ್ಲಿ ಕೋಬಾಲ್ಟ್ ಇರುತ್ತೆ, ಶಾಲೆಗೆ ಬೇಡ. ಹಸಿರಾದ ಕೂಡಲೇ ಓವನ್‌ನಲ್ಲಿ 120 ಡಿಗ್ರಿಗೆ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಕಿತ್ತಳೆ. 150 ದಾಟಿಸಬೇಡಿ.

ಇಬ್ಬನಿ ಬಿದ್ದ ರಾತ್ರಿ ಮಾಡೋ ಎಡವಟ್ಟು ಇದು: ಒದ್ದೆ ಕನ್ನಡಿಗೆ ಮುಚ್ಚಳ ಹಾಕಿ ಒಳಗಿಡೋದು. ನೀರು ಒಳಗೇ ಉಳಿದ್ರೆ ಬೂಸ್ಟಿಗೆ ಹಬ್ಬ. ಒದ್ದೆಯಾಗಿದ್ರೆ ಮುಚ್ಚಳ ತೆಗೆದು, ಕೊಳವೆ ಅಡ್ಡ ಮಲಗಿಸಿ, ಫ್ಯಾನ್ ಗಾಳಿಗೆ ಒಣಗಿಸಿ ಆಮೇಲೆ ಮುಚ್ಚಿ. ಒಣಗೇ ಇದ್ರೆ ಉಲ್ಟಾ: ಹೊರಗೇ ಮುಚ್ಚಳ ಹಾಕಿ ಒಳಗೆ ತನ್ನಿ, ಇಲ್ಲದಿದ್ರೆ ತಣ್ಣಗಿರೋ ಕನ್ನಡಿ ಮೇಲೆ ಒಳಗಿನ ಬೆಚ್ಚನೆ ಗಾಳಿ ನೀರಾಗಿ ಕೂರುತ್ತೆ. ಕನ್ನಡಿ ಮೇಲೆ ಧೂಳು ಕಂಡ್ರೆ ಒರೆಸಬೇಡಿ, ಸ್ವಲ್ಪ ಧೂಳಿನಿಂದ ಏನೂ ಆಗಲ್ಲ.

ಮೇಷ್ಟ್ರು_ಹೊಸನಗರ

ಎಲ್ಲರಿಗೂ ಧನ್ಯವಾದ. ಪೀಠಕ್ಕೆ ಬಡಗಿ ಹತ್ರ ಮಾತಾಡ್ತೀನಿ. ಇನ್ನೊಂದು: ಜೀಪಲ್ಲಿ ಹಾಕ್ಕೊಂಡು ಬೇರೆ ಶಾಲೆಗಳಿಗೂ ಒಯ್ಯಬಹುದಾ? ನಮ್ಮ ರಸ್ತೆ ಗೊತ್ತಲ್ಲ.

ಆರಿಂಚು_ಕನ್ನಡಿ

ಒಯ್ಯಬಹುದು, ಕೊಳವೆ ಬೇರೆ, ಪೀಠ ಬೇರೆ ಮಾಡಿ, ಕೊಳವೆಗೆ ಹಾಸಿಗೆ ಹಾಕಿ. ಇಳಿಸಿದ ಮೇಲೆ ಕೊಲಿಮೇಶನ್ ನೋಡಲೇಬೇಕು, ಅಂದರೆ ಎರಡು ಕನ್ನಡಿ ಒಂದೇ ನೇರದಲ್ಲಿವೆಯಾ ಅಂತ. ಐಪೀಸ್ ಜಾಗಕ್ಕೆ ನಟ್ಟನಡುವೆ ತೂತಿರೋ ಮುಚ್ಚಳ ಹಾಕಿ ಇಣುಕಿ. ದೊಡ್ಡ ಕನ್ನಡಿಯ ನಡುವೆ ಅಂಟಿಸಿರೋ ಬಳೆ ಗುರುತಿನೊಳಗೆ ಆ ತೂತಿನ ಪ್ರತಿಬಿಂಬ ಕೂರಬೇಕು. ಕೂರದಿದ್ರೆ ಹಿಂಭಾಗದ ಮೂರು ಲಾಕ್ ಸ್ಕ್ರೂ ಸಡಿಲಿಸಿ, ಉಳಿದ ಮೂರರಲ್ಲಿ ಒಂದನ್ನು ಕಾಲು ಸುತ್ತು ತಿರುಗಿಸಿ ನೋಡಿ. ದೂರ ಸರಿದ್ರೆ ವಾಪಸ್ ತಿರುಗಿಸಿ ಇನ್ನೊಂದನ್ನು ಹಿಡಿಯಿರಿ. ಸರಿಯಾದ ಮೇಲೆ ಲಾಕ್ ಸ್ಕ್ರೂ ಬಿಗಿಸುವಾಗ ಮೂರನ್ನೂ ಸ್ವಲ್ಪ ಸ್ವಲ್ಪವೇ ಬಿಗಿಸಿ, ಒಂದನ್ನೇ ಗಟ್ಟಿ ಮಾಡಿದ್ರೆ ಮತ್ತೆ ಓರೆ. ಮುಂದಿನ ಚಿಕ್ಕ ಕನ್ನಡಿ ಮುಟ್ಟಬೇಡಿ, ಅದು ಸುಲಭಕ್ಕೆ ಅಲುಗಲ್ಲ. ಕತ್ತಲಾಗೋ ಮುಂಚೆ ಈ ಕೆಲಸ ಮುಗಿಸಿ, ಆಮೇಲೆ ಅರ್ಧ ಗಂಟೆ ಹೊರಗೆ ತಣ್ಣಗಾಗೋಕೆ ಬಿಡಿ.

ತ್ರಿಶಂಕು

ಹಗಲಲ್ಲಿ ಜೋಡಿಸುವಾಗ ಮುಂದಿನ ಮುಚ್ಚಳ ತೆಗೆಯೋ ಮುಂಚೆ ಸೂರ್ಯ ಯಾವ ಕಡೆ ಇದ್ದಾನೆ ನೋಡಿಕೊಳ್ಳಿ. ಐಪೀಸಿಗೆ ತಿರುಗಿಸಿ ಹಾಕೋ ಪುಟ್ಟ ಕಪ್ಪು ಸನ್ ಫಿಲ್ಟರ್ ಡಬ್ಬಿಯಲ್ಲಿ ಬಂದ್ರೆ ಅವತ್ತೇ ಒಡೆದು ಎಸೆಯಿರಿ. ಬಿಸಿಗೆ ಅದು ಸೀಳುತ್ತೆ, ಆಗ ಕಣ್ಣು ಅಲ್ಲೇ ಇರುತ್ತೆ. ಸೂರ್ಯನನ್ನು ನೋಡಲೇಬೇಕು ಅಂದ್ರೆ ಕೊಳವೆಯ ಬಾಯಿಯನ್ನೇ ಪೂರ್ತಿ ಮುಚ್ಚೋ ಸೋಲಾರ್ ಫಿಲ್ಮ್ ಬೇಕು. ಅದನ್ನೂ ಪ್ರತಿ ಸಲ ಬೆಳಕಿಗೆ ಹಿಡಿದು ಸೂಜಿತೂತು ಇದೆಯಾ ಅಂತ ನೋಡಿ, ಗಾಳಿಗೆ ಹಾರದ ಹಾಗೆ ಟೇಪ್ ಹಾಕಿ. ಗುರಿ ಹಿಡಿಯೋಕೆ ಕೊಳವೆ ಮೇಲಿರೋ ಪುಟ್ಟ ಫೈಂಡರ್‌ಗೂ ಮುಚ್ಚಳ ಬೇಕು.